ಟೆನಿಸ್ ರ‍್ಯಾಕೆಟ್‌ನ ತೂಕ, ತಂತಿ ಜೋಡಣೆ ಮತ್ತು ಹೊಡೆತದ ಆಳ

ಟೆನಿಸ್ ಆಟದಲ್ಲಿ ಹೊಡೆತದ ಆಳ ಎಂದರೆ ಚೆಂಡು ನೆಟ್ ದಾಟಿದ ಮೇಲೆ ಎದುರಾಳಿಯ ಅಂಕಣದಲ್ಲಿ ಎಷ್ಟು ದೂರ ಹೋಗಿ ನೆಲಕ್ಕೆ ಬೀಳುತ್ತದೆ ಎಂಬುದು. ಬೇಸ್‌ಲೈನ್‌ಗೆ ಸಮೀಪದಲ್ಲಿ ಬಿದ್ದ ಚೆಂಡನ್ನು ಆಳವಾದ ಹೊಡೆತವೆಂದೂ, ಸರ್ವಿಸ್ ಗೆರೆಯ ಒಳಗೆ ಬಿದ್ದುದನ್ನು ಗಿಡ್ಡ ಹೊಡೆತವೆಂದೂ ಕರೆಯಲಾಗುತ್ತದೆ. ಆಳವು ಮುಖ್ಯವಾಗಿ ಆಟಗಾರನ ಬೀಸು, ಕಾಲ್ಚಲನೆ ಮತ್ತು ಸಮಯಪ್ರಜ್ಞೆಯನ್ನು ಅವಲಂಬಿಸಿದೆ. ಆದರೂ ಅದೇ ಬೀಸಿಗೆ ಎರಡು ರ‍್ಯಾಕೆಟ್‌ಗಳು ಬೇರೆ ಬೇರೆ ಆಳವನ್ನು ನೀಡುವುದುಂಟು. ರ‍್ಯಾಕೆಟ್‌ನ ಒಟ್ಟು ತೂಕ, ಆ ತೂಕವು ಎಲ್ಲೆಲ್ಲಿ ಹಂಚಿಕೆಯಾಗಿದೆ ಎಂಬುದು, ತಂತಿಯ ವಸ್ತು, ಬಿಗಿತ ಮತ್ತು ಹೆಣಿಗೆ ಇದಕ್ಕೆ ಕಾರಣಗಳು.

ತಂತಿಯನ್ನು ಬಿಗಿಯಾಗಿ ಹಾಕಿಸಿದರೆ ಚೆಂಡು ಹೆಚ್ಚು ದೂರ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಸಡಿಲ ತಂತಿ ಆಳವನ್ನು ಹೆಚ್ಚಿಸುತ್ತದೆ, ಬಿಗಿ ತಂತಿ ತಗ್ಗಿಸುತ್ತದೆ.

ಆಳದ ಮಹತ್ವ

ಟೆನಿಸ್ ಅಂಕಣದ ಉದ್ದ 23.77 ಮೀಟರ್. ನೆಟ್‌ನಿಂದ ಸರ್ವಿಸ್ ಗೆರೆಗೆ 6.40 ಮೀಟರ್, ಅಲ್ಲಿಂದ ಬೇಸ್‌ಲೈನ್‌ಗೆ ಸುಮಾರು 5.49 ಮೀಟರ್ ಅಂತರವಿದೆ. ನೆಟ್‌ನ ಎತ್ತರ ನಡುವೆ 0.914 ಮೀಟರ್, ಕಂಬಗಳ ಬಳಿ 1.07 ಮೀಟರ್. ಬೇಸ್‌ಲೈನ್‌ನಿಂದ ಆಡುವ ಆಟಗಾರನು ತನ್ನ ಹೊಡೆತಗಳನ್ನು ಈ ಐದೂವರೆ ಮೀಟರ್‌ನ ಹಿಂಭಾಗದಲ್ಲಿ ಬೀಳಿಸಲು ಯತ್ನಿಸುತ್ತಾನೆ. ಚೆಂಡು ಆಳಕ್ಕೆ ಬಿದ್ದರೆ ಎದುರಾಳಿ ಹಿಂದೆ ಸರಿಯಬೇಕಾಗುತ್ತದೆ, ಅವನಿಗೆ ಓರೆಯಾಗಿ ಹೊಡೆಯುವ ಕೋನಗಳು ಕಡಿಮೆಯಾಗುತ್ತವೆ. ಗಿಡ್ಡ ಚೆಂಡು ಅವನನ್ನು ಮುನ್ನುಗ್ಗಲು ಆಹ್ವಾನಿಸುತ್ತದೆ.

ವೇಗ ಮತ್ತು ನಿರ್ಗಮನ ಕೋನ

ಚೆಂಡು ತಂತಿಗಳ ಮೇಲೆ ಇರುವ ಕಾಲ ಸುಮಾರು 5 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗ. ಆ ಕ್ಷಣದ ಕೊನೆಯಲ್ಲಿ ಚೆಂಡು ಯಾವ ವೇಗದಲ್ಲಿ, ಯಾವ ಕೋನದಲ್ಲಿ, ಎಷ್ಟು ತಿರುಗುತ್ತಾ ಹೊರಡುತ್ತದೆ ಎಂಬುದರ ಮೇಲೆ ಆಳ ನಿರ್ಧಾರವಾಗುತ್ತದೆ. ರ‍್ಯಾಕೆಟ್ ಮತ್ತು ತಂತಿಯ ಎಲ್ಲ ಪ್ರಭಾವಗಳೂ ಈ ಮೂರರ ಮೂಲಕವೇ ಕೆಲಸ ಮಾಡುತ್ತವೆ.

ಒಂದು ಸರಳ ಲೆಕ್ಕದಿಂದ ಇವುಗಳ ತುಲನಾತ್ಮಕ ಬಲ ತಿಳಿಯುತ್ತದೆ. ಬೇಸ್‌ಲೈನ್‌ನಲ್ಲಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಗಂಟೆಗೆ 90 ಕಿ.ಮೀ. ವೇಗದಲ್ಲಿ ಚೆಂಡನ್ನು ಹೊಡೆಯಲಾಗಿದೆ ಎಂದು ಭಾವಿಸೋಣ. ಗಾಳಿಯ ಎಳೆತ ಮತ್ತು ಚೆಂಡಿನ ತಿರುಗುವಿಕೆಯನ್ನು ಬದಿಗಿಟ್ಟರೆ, 8 ಡಿಗ್ರಿ ಕೋನದಲ್ಲಿ ಹೊರಟ ಚೆಂಡು ಸುಮಾರು 23.0 ಮೀಟರ್ ದೂರದಲ್ಲಿ, ಎದುರಿನ ಬೇಸ್‌ಲೈನ್‌ನ ಒಳಗೇ ಬೀಳುತ್ತದೆ. ಕೋನ 9 ಡಿಗ್ರಿಯಾದರೆ ಅದು ಸುಮಾರು 24.7 ಮೀಟರ್ ಹೋಗಿ ಗೆರೆಯಾಚೆ ಬೀಳುತ್ತದೆ. ಕೋನವನ್ನು ಹಾಗೆಯೇ ಉಳಿಸಿ ವೇಗವನ್ನು ಶೇಕಡಾ 1ರಷ್ಟು ಹೆಚ್ಚಿಸಿದರೆ ಆಳ ಹೆಚ್ಚುವುದು ಸುಮಾರು 38 ಸೆಂ.ಮೀ. ಮಾತ್ರ. ಅಂದರೆ ಒಂದು ಡಿಗ್ರಿ ಕೋನದ ವ್ಯತ್ಯಾಸವು ಶೇಕಡಾ 4ಕ್ಕಿಂತ ಹೆಚ್ಚಿನ ವೇಗವ್ಯತ್ಯಾಸಕ್ಕೆ ಸಮ. ನಿಜವಾದ ಆಟದಲ್ಲಿ ಗಾಳಿಯ ತಡೆಯಿಂದ ಈ ದೂರಗಳೆಲ್ಲ ಕುಗ್ಗುತ್ತವೆ. ಆದರೂ ಕೋನದ ಅಲ್ಪ ಬದಲಾವಣೆಯೂ ಆಳವನ್ನು ಬಹಳವಾಗಿ ಬದಲಿಸುತ್ತದೆ ಎಂಬ ಮಾತು ಉಳಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ತೂಕವು ಹೆಚ್ಚಾಗಿ ವೇಗದ ಮೂಲಕ, ತಂತಿಯು ಹೆಚ್ಚಾಗಿ ಕೋನ ಮತ್ತು ತಿರುಗುವಿಕೆಯ ಮೂಲಕ ಆಳವನ್ನು ಪ್ರಭಾವಿಸುತ್ತದೆ.

ರ‍್ಯಾಕೆಟ್‌ನ ತೂಕ

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ನಿಯಮಗಳು ರ‍್ಯಾಕೆಟ್‌ನ ಉದ್ದವನ್ನು 73.7 ಸೆಂ.ಮೀ.ಗೂ ಅಗಲವನ್ನು 31.7 ಸೆಂ.ಮೀ.ಗೂ ಮಿತಿಗೊಳಿಸಿವೆ. ತೂಕಕ್ಕೆ ಯಾವ ಮಿತಿಯೂ ಇಲ್ಲ. ಇಂದು ವಯಸ್ಕರು ಬಳಸುವ ರ‍್ಯಾಕೆಟ್‌ಗಳು ತಂತಿ ಸಹಿತ ಸುಮಾರು 260 ರಿಂದ 340 ಗ್ರಾಂ ತೂಗುತ್ತವೆ. ಇದರಲ್ಲಿ ತಂತಿಯ ಪಾಲು 15 ರಿಂದ 18 ಗ್ರಾಂ.

ಒಟ್ಟು ತೂಕ: ಚೆಂಡಿನ ತೂಕ 56.0 ರಿಂದ 59.4 ಗ್ರಾಂ. ಅದು ಬಡಿದಾಗ ಹಗುರ ರ‍್ಯಾಕೆಟ್ ಹೆಚ್ಚು ಹಿಂದಕ್ಕೆ ತಳ್ಳಲ್ಪಡುತ್ತದೆ, ಭಾರದ ರ‍್ಯಾಕೆಟ್ ಕಡಿಮೆ. ಹೀಗೆ ಹಿಂದೆ ಸರಿಯುವುದರಲ್ಲಿ ವ್ಯಯವಾಗುವ ಶಕ್ತಿ ಚೆಂಡಿಗೆ ದೊರೆಯುವುದಿಲ್ಲ. ಆದ್ದರಿಂದ ಒಂದೇ ವೇಗದಲ್ಲಿ ಬೀಸಿದರೆ ಭಾರದ ರ‍್ಯಾಕೆಟ್ ಚೆಂಡನ್ನು ಹೆಚ್ಚು ವೇಗವಾಗಿ ಕಳುಹಿಸುತ್ತದೆ. ಆದರೆ ಭಾರದ ರ‍್ಯಾಕೆಟ್ಟನ್ನು ಅಷ್ಟೇ ವೇಗದಲ್ಲಿ ಬೀಸುವುದು ಎಲ್ಲರಿಗೂ ಸಾಧ್ಯವಿಲ್ಲ. ಪೂರ್ಣ ಬೀಸಿನ ಹೊಡೆತಗಳಲ್ಲಿ ಈ ಲಾಭ ಮತ್ತು ನಷ್ಟ ಬಹುಮಟ್ಟಿಗೆ ಪರಸ್ಪರ ಸರಿಹೋಗುತ್ತವೆ. ತೂಕದ ಅನುಕೂಲ ಸ್ಪಷ್ಟವಾಗಿ ಕಾಣುವುದು ರ‍್ಯಾಕೆಟ್ ಹೆಚ್ಚು ಚಲಿಸದ ಹೊಡೆತಗಳಲ್ಲಿ, ಅಂದರೆ ವಾಲಿ ಮತ್ತು ವೇಗದ ಸರ್ವ್‌ಗೆ ಅಡ್ಡ ಹಿಡಿದು ಮರಳಿಸುವ ಹೊಡೆತಗಳಲ್ಲಿ. ಅಲ್ಲಿ ಹಗುರ ರ‍್ಯಾಕೆಟ್ ಹಿಡಿದವರ ಚೆಂಡು ಗಿಡ್ಡವಾಗಿ ಬೀಳುವುದು ಸಾಮಾನ್ಯ.

ಸಮತೋಲನ: ರ‍್ಯಾಕೆಟ್ಟನ್ನು ಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಿದಾಗ ಅದು ತೂಗಿ ನಿಲ್ಲುವ ಜಾಗವೇ ಸಮತೋಲನ ಬಿಂದು. ಸಾಮಾನ್ಯ ರ‍್ಯಾಕೆಟ್‌ನ ಉದ್ದ 68.5 ಸೆಂ.ಮೀ. ಸಮತೋಲನ ಬಿಂದು ಇದರ ಅರ್ಧಕ್ಕಿಂತ ಹಿಡಿಯ ಕಡೆಗಿದ್ದರೆ ಅದನ್ನು ತಲೆ ಹಗುರದ ರ‍್ಯಾಕೆಟ್ ಎಂದೂ, ಆಚೆಗಿದ್ದರೆ ತಲೆ ಭಾರದ ರ‍್ಯಾಕೆಟ್ ಎಂದೂ ಹೇಳುತ್ತಾರೆ. ಭಾರದ ರ‍್ಯಾಕೆಟ್‌ಗಳು ಸಾಮಾನ್ಯವಾಗಿ ತಲೆ ಹಗುರವಾಗಿಯೂ, ಹಗುರ ರ‍್ಯಾಕೆಟ್‌ಗಳು ಸಮ ಅಥವಾ ತಲೆ ಭಾರವಾಗಿಯೂ ತಯಾರಾಗುತ್ತವೆ.

ಬೀಸುತೂಕ: ಆಳದ ದೃಷ್ಟಿಯಿಂದ ಒಟ್ಟು ತೂಕಕ್ಕಿಂತ ಮುಖ್ಯವಾದುದು ಬೀಸುತೂಕ. ಆಟಗಾರರ ಮಾತಿನಲ್ಲಿ ಇದು ಸ್ವಿಂಗ್ ವೇಟ್. ಹಿಡಿಯ ತುದಿಯಿಂದ 10 ಸೆಂ.ಮೀ. ದೂರದ ಅಕ್ಷದ ಸುತ್ತ ರ‍್ಯಾಕೆಟ್‌ನ ಜಡತ್ವ ಮಹತ್ವವೇ ಬೀಸುತೂಕ. ಇದನ್ನು ಕಿ.ಗ್ರಾಂ–ಚದರ ಸೆಂ.ಮೀ. ಮಾನದಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ ದೊರೆಯುವ ಬಹುತೇಕ ರ‍್ಯಾಕೆಟ್‌ಗಳಲ್ಲಿ ಇದು 280 ರಿಂದ 340ರ ನಡುವೆ ಇರುತ್ತದೆ. ಅಕ್ಷದಿಂದ ಇರುವ ದೂರದ ವರ್ಗಕ್ಕೆ ಅನುಗುಣವಾಗಿ ತೂಕದ ಪರಿಣಾಮ ಬೆಳೆಯುವುದರಿಂದ, ಅದೇ 5 ಗ್ರಾಂ ಸೀಸದ ಪಟ್ಟಿಯನ್ನು ರ‍್ಯಾಕೆಟ್‌ನ ತಲೆಯ ತುದಿಗೆ ಅಂಟಿಸಿದರೆ ಬೀಸುತೂಕ ಸುಮಾರು 17 ಅಂಶ ಏರುತ್ತದೆ. ಹಿಡಿಯೊಳಗೆ ಸೇರಿಸಿದರೆ ಏರಿಕೆ ಇಲ್ಲವೆನ್ನುವಷ್ಟು ಅಲ್ಪ. ಹೀಗಾಗಿ ಒಂದೇ ತೂಕದ ಎರಡು ರ‍್ಯಾಕೆಟ್‌ಗಳು ಕೈಯಲ್ಲಿ ಬೇರೆ ಬೇರೆ ರೀತಿ ವರ್ತಿಸುವುದು ಸಹಜ.

ಪಕ್ಕದ ತೂಕ: ಚೆಂಡು ತಂತಿಯ ನಡುಭಾಗಕ್ಕೆ ಬದಲು ಪಕ್ಕಕ್ಕೆ ತಾಗಿದಾಗ ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುತ್ತದೆ. ವೇಗವೂ ಕುಸಿಯುತ್ತದೆ, ಕೋನವೂ ಕೆಡುತ್ತದೆ. ಗಡಿಯಾರದ 3 ಮತ್ತು 9 ಗಂಟೆಯ ಸ್ಥಾನಗಳಲ್ಲಿ ತೂಕ ಸೇರಿಸಿದರೆ ಈ ತಿರುಚುವಿಕೆ ತಗ್ಗುತ್ತದೆ. ಇದರಿಂದ ಅತ್ಯುತ್ತಮ ಹೊಡೆತದ ಆಳ ಹೆಚ್ಚು ಬದಲಾಗುವುದಿಲ್ಲ, ಆದರೆ ತಪ್ಪಿ ತಾಗಿದ ಹೊಡೆತವೂ ಸರ್ವಿಸ್ ಗೆರೆ ದಾಟುವ ಸಂಭವ ಹೆಚ್ಚುತ್ತದೆ.

ತಂತಿ ಜೋಡಣೆ

ಹಿಂದೆ ಪ್ರಾಣಿಗಳ ಕರುಳಿನಿಂದಲೇ ತಂತಿ ತಯಾರಾಗುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಗಟ್ ಎಂಬ ಹೆಸರು ಬಂದಿತು. ಭಾರತದಲ್ಲಿ ಯಾವುದೇ ವಸ್ತುವಿನ ತಂತಿ ಹಾಕಿಸುವುದಕ್ಕೂ ಗಟ್ಟಿಂಗ್ ಎಂದೇ ಹೇಳುವ ರೂಢಿ ಇಂದಿಗೂ ಉಳಿದಿದೆ.

ಬಿಗಿತ: ತಂತಿಯನ್ನು ಸಾಮಾನ್ಯವಾಗಿ 18 ರಿಂದ 29 ಕಿ.ಗ್ರಾಂ, ಅಂದರೆ 40 ರಿಂದ 64 ಪೌಂಡ್ ಬಿಗಿತದಲ್ಲಿ ಹಾಕಲಾಗುತ್ತದೆ. ನಿಯಮದ ಪ್ರಕಾರ 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಚೆಂಡು 135 ರಿಂದ 147 ಸೆಂ.ಮೀ. ಮಾತ್ರ ಪುಟಿಯಬೇಕು. ಅಂದರೆ ಚೆಂಡು ಅದುಮಿಕೊಂಡಾಗ ಶಕ್ತಿಯ ಸುಮಾರು ಶೇಕಡಾ 42 ರಿಂದ 47 ಭಾಗ ಅದರೊಳಗೇ ನಷ್ಟವಾಗುತ್ತದೆ. ತಂತಿಯಾದರೋ ತಾನು ಹೀರಿದ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಸಡಿಲ ತಂತಿ ಹೆಚ್ಚು ಬಾಗುವುದರಿಂದ ಚೆಂಡು ಕಡಿಮೆ ಅದುಮಿಕೊಳ್ಳುತ್ತದೆ, ನಷ್ಟವೂ ಕಡಿಮೆಯಾಗುತ್ತದೆ.

ಆದರೆ ಈ ಕಾರಣದಿಂದ ವೇಗದಲ್ಲಿ ಆಗುವ ಹೆಚ್ಚಳ ಬಹಳ ಸಣ್ಣದು. ಸಡಿಲ ತಂತಿಯಿಂದ ಚೆಂಡು ಎದ್ದು ಕಾಣುವಷ್ಟು ಆಳಕ್ಕೆ ಹೋಗಲು ಮುಖ್ಯ ಕಾರಣ ಬೇರೆ. ಸಡಿಲ ತಂತಿಯ ಮೇಲೆ ಚೆಂಡು ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿರುವ ರ‍್ಯಾಕೆಟ್ ಇನ್ನಷ್ಟು ಮೇಲೇರಿರುತ್ತದೆ, ಚೆಂಡು ಹೆಚ್ಚಿನ ಕೋನದಲ್ಲಿ ಹೊರಡುತ್ತದೆ. ಟೆನಿಸ್‌ನ ಭೌತಶಾಸ್ತ್ರವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ ಅಮೆರಿಕದ ಹೊವಾರ್ಡ್ ಬ್ರಾಡಿ ಮತ್ತು ಆಸ್ಟ್ರೇಲಿಯಾದ ರಾಡ್ ಕ್ರಾಸ್ ಅವರ ಬರಹಗಳಿಂದ ಈ ವಿವರಣೆ ಪ್ರಚಲಿತವಾಯಿತು. ಆದ್ದರಿಂದ ಚೆಂಡುಗಳು ಗೆರೆಯಾಚೆ ಹೋಗುತ್ತಿದ್ದರೆ ಬಿಗಿತವನ್ನು 1 ಕಿ.ಗ್ರಾಂನಷ್ಟು ಹೆಚ್ಚಿಸುವುದು, ಗಿಡ್ಡವಾಗಿ ಬೀಳುತ್ತಿದ್ದರೆ ಅಷ್ಟೇ ಇಳಿಸುವುದು ವಾಡಿಕೆ.

ವಸ್ತು: ತಂತಿಗಳಲ್ಲಿ ಮೂರು ಮುಖ್ಯ ಬಗೆಗಳಿವೆ. ದನದ ಕರುಳಿನಿಂದ ಮಾಡುವ ನೈಸರ್ಗಿಕ ಗಟ್ ಅತಿ ಮೃದು, ಬಿಗಿತವನ್ನು ಬಹುಕಾಲ ಉಳಿಸಿಕೊಳ್ಳುತ್ತದೆ, ಆದರೆ ದುಬಾರಿ. ತೇವ ತಾಗಿದರೆ ಬೇಗ ಕೆಡುತ್ತದೆ. ನೈಲಾನ್ ತಂತಿ ಅಗ್ಗವಾಗಿದ್ದು ಸಾಕಷ್ಟು ಮೃದುವಾಗಿದೆ. ಪಾಲಿಯೆಸ್ಟರ್ ತಂತಿ ಗಡುಸು, ಜಾರುವ ಗುಣದ್ದು. ಟಾಪ್‌ಸ್ಪಿನ್ ಹೊಡೆಯುವಾಗ ಪಾಲಿಯೆಸ್ಟರ್‌ನ ಉದ್ದ ತಂತಿಗಳು ಪಕ್ಕಕ್ಕೆ ಸರಿದು, ಚೆಂಡು ಬಿಡುವ ಮುನ್ನ ಮರಳಿ ಸ್ವಸ್ಥಾನಕ್ಕೆ ಚಿಮ್ಮುತ್ತವೆ. ಇದರಿಂದ ಚೆಂಡಿಗೆ ಹೆಚ್ಚಿನ ತಿರುಗುವಿಕೆ ದೊರೆಯುತ್ತದೆ. ಮುಂದಕ್ಕೆ ಉರುಳುವಂತೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಹೀಗಾಗಿ ನೆಟ್‌ನ ಮೇಲೆ ಎತ್ತರವಾಗಿ ಸಾಗಿದ ಹೊಡೆತವೂ ಬೇಸ್‌ಲೈನ್‌ನ ಒಳಗೆ ಇಳಿಯುತ್ತದೆ. ಜೋರಾಗಿ ಬೀಸಬಲ್ಲವರಿಗೆ ಇದು ವರ. ನಿಧಾನವಾಗಿ ಬೀಸುವವರಿಗೆ ಅದೇ ಗಡುಸು ತಂತಿ ಗಿಡ್ಡ ಹೊಡೆತಗಳನ್ನೂ ಕೈನೋವನ್ನೂ ತರಬಹುದು.

ಎರಡು ವಸ್ತುಗಳನ್ನು ಬೆರೆಸುವ ಕ್ರಮವೂ ಇದೆ. ರೋಜರ್ ಫೆಡರರ್ ಉದ್ದ ತಂತಿಗಳಿಗೆ ನೈಸರ್ಗಿಕ ಗಟ್ಟನ್ನೂ ಅಡ್ಡ ತಂತಿಗಳಿಗೆ ಪಾಲಿಯೆಸ್ಟರನ್ನೂ ಬಳಸುತ್ತಿದ್ದರು.

ಹೆಣಿಗೆ ಮತ್ತು ದಪ್ಪ: 16 ಉದ್ದ ಹಾಗೂ 19 ಅಡ್ಡ ತಂತಿಗಳ ಹೆಣಿಗೆ ಹೆಚ್ಚು ಪ್ರಚಲಿತ. ಇದಕ್ಕಿಂತ ಒತ್ತಾದದ್ದು 18 ಮತ್ತು 20 ತಂತಿಗಳ ಹೆಣಿಗೆ. ವಿರಳ ಹೆಣಿಗೆಯಲ್ಲಿ ತಂತಿಗಳು ಹೆಚ್ಚು ಸರಿದಾಡುವುದರಿಂದ ನಿರ್ಗಮನ ಕೋನವೂ ತಿರುಗುವಿಕೆಯೂ ಹೆಚ್ಚು. ಒತ್ತಾದ ಹೆಣಿಗೆಯಲ್ಲಿ ಚೆಂಡು ತಗ್ಗಾಗಿ, ನೇರವಾಗಿ ಹೋಗುತ್ತದೆ. ತಂತಿಯ ದಪ್ಪ ಸಾಮಾನ್ಯವಾಗಿ 1.20 ರಿಂದ 1.35 ಮಿ.ಮೀ. ತೆಳು ತಂತಿ ಹೆಚ್ಚು ಬಾಗುತ್ತದೆ, ಬೇಗ ತುಂಡಾಗುತ್ತದೆ.

ಬಿಗಿತದ ಕುಸಿತ: ಹಾಕಿದ ಕ್ಷಣದಿಂದಲೇ ತಂತಿ ಸಡಿಲಗೊಳ್ಳಲು ತೊಡಗುತ್ತದೆ. ಮೊದಲ ದಿನದ ಕುಸಿತವೇ ಗಮನಾರ್ಹ. ನಿನ್ನೆಯವರೆಗೆ ಒಳಗೆ ಬೀಳುತ್ತಿದ್ದ ಹೊಡೆತಗಳು ಕೆಲವು ವಾರಗಳ ಬಳಿಕ ಆಚೆ ಹೋಗತೊಡಗಿದರೆ ದೋಷ ಬೀಸಿನದೇ ಆಗಬೇಕೆಂದಿಲ್ಲ. ವಾರಕ್ಕೆ ಎಷ್ಟು ದಿನ ಆಡುತ್ತಾರೋ ವರ್ಷಕ್ಕೆ ಅಷ್ಟು ಬಾರಿ ತಂತಿ ಬದಲಿಸಬೇಕೆಂಬುದು ಆಟಗಾರರಲ್ಲಿ ರೂಢಿಯಾಗಿರುವ ಸೂತ್ರ. ಪಾಲಿಯೆಸ್ಟರ್ ತುಂಡಾಗದೆ ಉಳಿದರೂ ಅದರ ಪುಟಿಯುವ ಗುಣ ಬೇಗ ಸಾಯುತ್ತದೆ.

ಇತಿಹಾಸ

ಫ್ರಾನ್ಸಿನ ಬಾಬೊಲಾ ಸಂಸ್ಥೆ 1875ರಲ್ಲಿ ಟೆನಿಸ್‌ಗಾಗಿ ಕರುಳಿನ ತಂತಿ ತಯಾರಿಸಲು ಆರಂಭಿಸಿತು. ಸುಮಾರು ನೂರು ವರ್ಷ ಕಾಲ ರ‍್ಯಾಕೆಟ್‌ಗಳು ಮರದವೇ ಆಗಿದ್ದವು. ಅವು ಭಾರವಾಗಿದ್ದು, ತಂತಿಯ ಭಾಗ ಸುಮಾರು 420 ಚದರ ಸೆಂ.ಮೀ. ಮಾತ್ರ ಇರುತ್ತಿತ್ತು. 1976ರಲ್ಲಿ ಹೊವಾರ್ಡ್ ಹೆಡ್ ರೂಪಿಸಿದ ದೊಡ್ಡ ತಲೆಯ ಪ್ರಿನ್ಸ್ ರ‍್ಯಾಕೆಟ್ ಬಂದ ಮೇಲೆ ಚಿತ್ರ ಬದಲಾಯಿತು. ಇಂದು 630 ರಿಂದ 645 ಚದರ ಸೆಂ.ಮೀ. ತಲೆಯ ರ‍್ಯಾಕೆಟ್‌ಗಳು ಸಾಮಾನ್ಯ.

1977ರಲ್ಲಿ ಎರಡು ಪದರ ತಂತಿಯ, ಸ್ಪಾಗೆಟಿ ಎಂದು ಹೆಸರಾದ ರ‍್ಯಾಕೆಟ್ ವಿವಾದಕ್ಕೆ ಕಾರಣವಾಯಿತು. ಸರಿದಾಡುವ ತಂತಿಗಳಿಂದ ಅದು ಚೆಂಡಿಗೆ ಅಸಾಧಾರಣ ತಿರುಗುವಿಕೆ ನೀಡುತ್ತಿತ್ತು. ಅದನ್ನು ಹಿಡಿದು ಆಡಿದ ಇಲಿ ನಸ್ತಾಸೆ ಎದುರು ಗಿಲ್ಲೆರ್ಮೊ ವಿಲಾಸ್ ಅವರ ಜೇಡಿಮಣ್ಣಿನ ಅಂಕಣದ ಸತತ 53 ಗೆಲುವುಗಳ ಸರಣಿ ಕೊನೆಗೊಂಡಿತು. ಅನಂತರ ಆ ಜೋಡಣೆಯನ್ನು ನಿಷೇಧಿಸಲಾಯಿತು. ತಂತಿ ಜೋಡಣೆಯೊಂದೇ ಆಟದ ಫಲಿತಾಂಶವನ್ನು ಬದಲಿಸಬಲ್ಲದು ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯರ್ಟನ್ ಬೆಲ್ಜಿಯಂನ ಲುಕ್ಸಿಲಾನ್ ಪಾಲಿಯೆಸ್ಟರ್ ತಂತಿಯೊಂದಿಗೆ ಫ್ರೆಂಚ್ ಓಪನ್ ಗೆದ್ದ ಬಳಿಕ ಆ ಬಗೆಯ ತಂತಿ ಜಗತ್ತಿನಾದ್ಯಂತ ಹರಡಿತು.

ಶ್ರೇಷ್ಠ ಆಟಗಾರರಲ್ಲೂ ಬಿಗಿತದ ಆಯ್ಕೆ ಒಂದೇ ಬಗೆಯಾಗಿಲ್ಲ. ಬ್ಯೋನ್ ಬೋರ್ಗ್ ಮರದ ರ‍್ಯಾಕೆಟ್‌ಗೆ ಸುಮಾರು 80 ಪೌಂಡ್ ಬಿಗಿತ ಹಾಕಿಸುತ್ತಿದ್ದರು. ಫ್ರಾನ್ಸಿನ ಆಡ್ರಿಯನ್ ಮನ್ನರಿನೊ ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಬಿಗಿತದಲ್ಲಿ ಆಡಿ ಹೆಸರಾದವರು. ಬೋರ್ಗ್ ಅವರದು ಟಾಪ್‌ಸ್ಪಿನ್‌ನ ಬಲವಾದ ಬೀಸು, ಮನ್ನರಿನೊ ಅವರದು ಚಪ್ಪಟೆಯಾದ ಗಿಡ್ಡ ಬೀಸು. ಸರಿಯಾದ ಬಿಗಿತವೆಂಬುದು ಬೀಸಿಗೆ ತಕ್ಕುದೇ ಹೊರತು ಎಲ್ಲರಿಗೂ ಸಲ್ಲುವ ಸಂಖ್ಯೆಯಲ್ಲ.

ಕರ್ನಾಟಕದ ಹವೆ ಮತ್ತು ಎತ್ತರ

ಗಂಟೆಗೆ 90 ಕಿ.ಮೀ. ವೇಗದಲ್ಲಿ ಸಾಗುವ ಚೆಂಡಿನ ಮೇಲೆ ಗಾಳಿಯ ಎಳೆತವು ಹೆಚ್ಚುಕಡಿಮೆ ಚೆಂಡಿನ ತೂಕದಷ್ಟೇ ಇರುತ್ತದೆ. ಆದ್ದರಿಂದ ಗಾಳಿಯ ಸಾಂದ್ರತೆ ತಗ್ಗಿದರೆ ಅದೇ ಹೊಡೆತ ಹೆಚ್ಚು ಆಳಕ್ಕೆ ಹೋಗುತ್ತದೆ, ಟಾಪ್‌ಸ್ಪಿನ್‌ನಿಂದ ಚೆಂಡು ಕೆಳಗಿಳಿಯುವುದೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಚೆಂಡು ವೇಗವಾಗಿ ಹಾರುತ್ತದೆ ಎಂಬ ಅನುಭವಕ್ಕೆ ಇದೇ ಕಾರಣ. 1,219 ಮೀಟರ್‌ಗಿಂತ ಎತ್ತರದ ಸ್ಥಳಗಳಿಗೆ ನಿಯಮಗಳು ಬೇರೆ ಬಗೆಯ ಚೆಂಡನ್ನು ಸೂಚಿಸಿವೆ. ಬೆಂಗಳೂರು ಆ ಮಿತಿಗಿಂತ ಕೆಳಗಿರುವುದರಿಂದ ಅಲ್ಲಿ ಸಾಮಾನ್ಯ ಚೆಂಡನ್ನೇ ಬಳಸಲಾಗುತ್ತದೆ, ಹೊಂದಾಣಿಕೆಯನ್ನು ಆಟಗಾರನೇ ತಂತಿಯಲ್ಲಿ ಮಾಡಿಕೊಳ್ಳಬೇಕಾಗುತ್ತದೆ.

ಎತ್ತರದಂತೆಯೇ ಬಿಸಿಲೂ ಗಾಳಿಯನ್ನು ತೆಳುವಾಗಿಸುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಮತ್ತು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಭೀಮರಾಯನಗುಡಿಯ ಪರಿಸರ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಈ ಎತ್ತರದಲ್ಲಿ 40 ಡಿಗ್ರಿಯ ಒಣಗಾಳಿಯ ಸಾಂದ್ರತೆಯನ್ನು ಲೆಕ್ಕ ಹಾಕಿದರೆ ಘನಮೀಟರಿಗೆ ಸುಮಾರು 1.07 ಕಿ.ಗ್ರಾಂ ಬರುತ್ತದೆ. 22 ಡಿಗ್ರಿಯ ತಂಪು ಮುಂಜಾನೆಯಲ್ಲಿ ಬೆಂಗಳೂರಿನ ಗಾಳಿಗೂ ಬರುವ ಸಂಖ್ಯೆ ಅದೇ. ಅಂದರೆ ಭೀಮರಾಯನಗುಡಿಯ ಬೇಸಿಗೆಯ ಅಪರಾಹ್ನದಲ್ಲಿ ಚೆಂಡಿಗೆ ದೊರೆಯುವ ಗಾಳಿ, ಅದಕ್ಕಿಂತ 500 ಮೀಟರ್ ಎತ್ತರದ ಬೆಂಗಳೂರಿನ ಬೆಳಗಿನ ಗಾಳಿಯಷ್ಟೇ ತೆಳುವಾಗಿರುತ್ತದೆ. ಇದಲ್ಲದೆ ಕಾದ ಚೆಂಡಿನೊಳಗಿನ ಒತ್ತಡ ಏರಿ ಪುಟಿತ ಹೆಚ್ಚುತ್ತದೆ, ತಂತಿಯೂ ಮೆತ್ತಗಾಗುತ್ತದೆ. ಮೂರೂ ಕಾರಣಗಳು ಆಳವನ್ನು ಒಂದೇ ದಿಕ್ಕಿಗೆ, ಗೆರೆಯಾಚೆಗೆ ತಳ್ಳುತ್ತವೆ. ಚಳಿಗಾಲದ ಮುಂಜಾನೆ ಇದೇ ರ‍್ಯಾಕೆಟ್‌ನಿಂದ ಹೊಡೆದ ಚೆಂಡು ಗಿಡ್ಡವಾಗಿ ಬೀಳಬಹುದು. ಬೇಸಿಗೆಯಲ್ಲಿ ಬಿಗಿತವನ್ನು 1 ಕಿ.ಗ್ರಾಂನಷ್ಟು ಏರಿಸಿ ಚಳಿಗಾಲದಲ್ಲಿ ಇಳಿಸುವುದು ಇಂಥ ಪ್ರದೇಶಕ್ಕೆ ಸೂಕ್ತ. ತಂತಿ ಹಾಕಿದ ರ‍್ಯಾಕೆಟ್ಟನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟರೆ ಬಿಗಿತ ಇನ್ನೂ ಬೇಗ ಕುಸಿಯುತ್ತದೆ.

ಈ ಭಾಗಕ್ಕೆ ಅಂತರರಾಷ್ಟ್ರೀಯ ಟೆನಿಸ್ ಹೊಸತೇನಲ್ಲ. 2023ರ ಕೊನೆಯಲ್ಲಿ ಕಲಬುರಗಿಯಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಪುರುಷರ ಟೂರ್ನಿ ನಡೆದು, ಭಾರತದ ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಪ್ರಶಸ್ತಿ ಗೆದ್ದರು.

ಅಳೆಯುವ ಸರಳ ವಿಧಾನಗಳು

ಯಂತ್ರಗಳಿಲ್ಲದೆಯೂ ಈ ಗುಣಗಳನ್ನು ಅಳೆಯಬಹುದು. ಅಡುಗೆಮನೆಯ ವಿದ್ಯುನ್ಮಾನ ತಕ್ಕಡಿ ಒಟ್ಟು ತೂಕವನ್ನೂ, ಅಳತೆಪಟ್ಟಿಯ ಅಂಚು ಸಮತೋಲನ ಬಿಂದುವನ್ನೂ ತಿಳಿಸುತ್ತದೆ.

ಬೀಸುತೂಕವನ್ನು ಲೋಲಕದ ತತ್ತ್ವದಿಂದ ಕಂಡುಹಿಡಿಯಬಹುದು. ರ‍್ಯಾಕೆಟ್ಟನ್ನು ಹಿಡಿಯ ತುದಿಯಿಂದ 10 ಸೆಂ.ಮೀ. ಬಿಂದುವಿನಲ್ಲಿ ತೂಗುಹಾಕಿ, ಸ್ವಲ್ಪವೇ ಓಲಾಡಿಸಿ, 20 ಪೂರ್ಣ ಓಲಾಟಗಳ ಕಾಲವನ್ನು ಅಳೆದು ಒಂದು ಓಲಾಟದ ಕಾಲವನ್ನು ಪಡೆಯಬೇಕು. ಆ ಕಾಲದ ವರ್ಗವನ್ನು ರ‍್ಯಾಕೆಟ್‌ನ ತೂಕ (ಕಿ.ಗ್ರಾಂ), ತೂಗುಬಿಂದುವಿನಿಂದ ಸಮತೋಲನ ಬಿಂದುವಿಗೆ ಇರುವ ದೂರ (ಮೀಟರ್) ಮತ್ತು 9.8ರಿಂದ ಗುಣಿಸಿ, 39.5ರಿಂದ ಭಾಗಿಸಿ, ಬಂದುದನ್ನು 10,000ದಿಂದ ಗುಣಿಸಿದರೆ ಬೀಸುತೂಕ ದೊರೆಯುತ್ತದೆ. ಉದಾಹರಣೆಗೆ 0.320 ಕಿ.ಗ್ರಾಂ ತೂಕದ, 0.22 ಮೀಟರ್ ದೂರದ ರ‍್ಯಾಕೆಟ್ 1.35 ಸೆಕೆಂಡಿಗೆ ಒಂದು ಓಲಾಟ ಮುಗಿಸಿದರೆ ಅದರ ಬೀಸುತೂಕ ಸುಮಾರು 318.

ಆಳವನ್ನು ಪರೀಕ್ಷಿಸಲು ಸರ್ವಿಸ್ ಗೆರೆ ಮತ್ತು ಬೇಸ್‌ಲೈನ್ ನಡುವಿನ ಭಾಗವನ್ನು ಸುಣ್ಣದ ಗೆರೆಯಿಂದ ಎರಡಾಗಿ ವಿಭಾಗಿಸಿ, ಒಂದೇ ಬಗೆಯ 20 ಹೊಡೆತಗಳು ಎಲ್ಲೆಲ್ಲಿ ಬೀಳುತ್ತವೆಂದು ಗುರುತಿಸಿಕೊಳ್ಳಬೇಕು. ಬಳಿಕ ತೂಕ ಅಥವಾ ಬಿಗಿತ, ಇವೆರಡರಲ್ಲಿ ಒಂದನ್ನು ಮಾತ್ರ ಬದಲಿಸಿ ಪುನಃ ಹೊಡೆಯಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ವಯಸ್ಸು ಮತ್ತು ದೇಹದ ಸುರಕ್ಷತೆ

ಆಳದ ಹಂಬಲದಿಂದ ಆಯ್ಕೆ ತಪ್ಪಿದರೆ ಮೊಣಕೈ, ಮಣಿಕಟ್ಟು ಮತ್ತು ಭುಜಕ್ಕೆ ಹಾನಿಯಾಗಬಹುದು. ಬಹಳ ಹಗುರವಾದ ಗಡುಸು ರ‍್ಯಾಕೆಟ್‌ಗೆ ಬಿಗಿಯಾದ ಪಾಲಿಯೆಸ್ಟರ್ ಹಾಕಿದರೆ ಹೊಡೆತದ ಆಘಾತ ನೇರವಾಗಿ ಕೈಗೆ ತಲಪುತ್ತದೆ. ಬಲ ಮೀರಿದ ಭಾರದ ರ‍್ಯಾಕೆಟ್ ಭುಜವನ್ನು ದಣಿಸುತ್ತದೆ, ಬೀಸು ತಡವಾಗಿ ಚೆಂಡು ದೇಹದ ಹಿಂದೆ ತಾಗುತ್ತದೆ. ಮನೆಯ ಹಿರಿಯರ ರ‍್ಯಾಕೆಟ್ಟನ್ನೇ ಮಕ್ಕಳಿಗೆ ಕೊಡುವುದು ಮಿತವ್ಯಯವೆನಿಸಿದರೂ ಹಿತಕರವಲ್ಲ. ಮಕ್ಕಳಿಗಾಗಿ 19 ರಿಂದ 26 ಅಂಗುಲದ ರ‍್ಯಾಕೆಟ್‌ಗಳಿವೆ. 10 ವರ್ಷ ಮತ್ತು ಅದಕ್ಕಿಂತ ಕಿರಿಯರ ಸ್ಪರ್ಧೆಗಳಲ್ಲಿ ನಿಧಾನಗತಿಯ ಕೆಂಪು, ಕಿತ್ತಳೆ ಅಥವಾ ಹಸಿರು ಗುರುತಿನ ಚೆಂಡುಗಳನ್ನು ಬಳಸುವ ನಿಯಮ 2012ರಿಂದ ಜಾರಿಯಲ್ಲಿದೆ. ಆರಂಭಿಕರಿಗೆ ಮತ್ತು ವಯಸ್ಸಾದವರಿಗೆ ಮಧ್ಯಮ ಬಿಗಿತದ ನೈಲಾನ್ ತಂತಿ ಅಗ್ಗವೂ ಸುರಕ್ಷಿತವೂ ಆದ ಆಯ್ಕೆ.

ಹೊಂದಿಸಿಕೊಳ್ಳುವ ಕ್ರಮ

ಎಲ್ಲ ಹೊಡೆತಗಳೂ ಗಿಡ್ಡವಾಗಿ ಬೀಳುತ್ತಿದ್ದರೆ ಮೊದಲು ಬಿಗಿತವನ್ನು ಇಳಿಸಿ ನೋಡುವುದು, ಪಾಲಿಯೆಸ್ಟರ್ ಇದ್ದರೆ ಮೃದು ತಂತಿಗೆ ಬದಲಿಸುವುದು ಸೂಕ್ತ.

ವಾಲಿ ಮತ್ತು ಸರ್ವ್ ಮರಳಿಕೆ ಮಾತ್ರ ಗಿಡ್ಡವಾಗುತ್ತಿದ್ದರೆ ಕೊರತೆ ತಂತಿಯದಲ್ಲ, ತೂಕದ್ದು. ತಲೆಯ ಪಕ್ಕಗಳಿಗೆ 2 ರಿಂದ 4 ಗ್ರಾಂ ಸೇರಿಸಿ ನೋಡಬಹುದು.

ಪೂರ್ಣ ಬೀಸಿನ ಹೊಡೆತಗಳು ಗೆರೆಯಾಚೆ ಹೋಗುತ್ತಿದ್ದರೆ ತಂತಿ ಹಳತಾಗಿದೆಯೇ ಎಂದು ಮೊದಲು ಪರಿಶೀಲಿಸಿ, ಅನಂತರ ಬಿಗಿತ ಹೆಚ್ಚಿಸಬೇಕು.

ಪಂದ್ಯದ ಮೊದಲರ್ಧದಲ್ಲಿ ಆಳವಾಗಿದ್ದ ಹೊಡೆತಗಳು ಕೊನೆಗೆ ಗಿಡ್ಡವಾದರೆ ರ‍್ಯಾಕೆಟ್ ಆಟಗಾರನ ಬಲಕ್ಕಿಂತ ಭಾರವಾಗಿರುವ ಸಂಭವವಿದೆ.

ತಂತಿಯ ಬಿಗಿತವನ್ನು ಪ್ರತಿ ಸಲವೂ ಬದಲಿಸಬಹುದು, ಅದರ ವೆಚ್ಚವೂ ಹೊಸ ರ‍್ಯಾಕೆಟ್‌ಗಿಂತ ಬಹಳ ಕಡಿಮೆ. ಆದ್ದರಿಂದ ರ‍್ಯಾಕೆಟ್ ಬದಲಿಸುವ ಮುನ್ನ ತಂತಿಯನ್ನು ಹೊಂದಿಸಿ ನೋಡುವುದು ವಿವೇಕದ ಕ್ರಮ.